ಕೂಡಿ ಚರ್ಚಿಸಿ, ಕೋಡ್ ಮಾತ್ರ ಒಬ್ಬರೇ ಬರೆಯಿರಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರಿಗೆ ಮೂರನೇ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಇದೆ. ಅದರಲ್ಲಿ 12 ಪ್ರೋಗ್ರಾಂ. ಈ ಪಠ್ಯ ಓದುವವರು ಚಿಕ್ಕಬಳ್ಳಾಪುರದಲ್ಲಿದ್ದರೂ ಅವೇ 12, ಬೆಳಗಾವಿ, ಮಂಗಳೂರು, ಕಲಬುರಗಿಯಲ್ಲಿದ್ದರೂ ಅವೇ 12. ಏಳು ದಿನದ ಕ್ಯಾಲೆಂಡರ್ ಮಾಡುವ ಮೊದಲನೆಯದರಿಂದ ಹ್ಯಾಶಿಂಗ್‌ನ ಕೊನೆಯದರವರೆಗೆ ಎಲ್ಲದಕ್ಕೂ ಬರೆದಿಟ್ಟ ಉತ್ತರ ಸೀನಿಯರ್‌ಗಳ ಪೆನ್‌ಡ್ರೈವ್‌ನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ, ಜೆರಾಕ್ಸ್ ಅಂಗಡಿಯ ಸ್ಪೈರಲ್ ಬೈಂಡಿಂಗ್ ಪುಸ್ತಕದಲ್ಲಿ ಸಿದ್ಧವಾಗಿ ಸಿಗುತ್ತದೆ. ಪ್ರಶ್ನೆಯೂ ಬಹಿರಂಗ, ಉತ್ತರವೂ ಬಹಿರಂಗ. ಇಂಥ ಕಡೆ ‘ಕಾಪಿ ಹೊಡೀಬೇಡಿ’ ಎಂಬ ಒಂದೇ ಮಾತಿನಿಂದ ಏನೂ ಆಗುವುದಿಲ್ಲ.

ಹಾಗೆಂದ ಮೇಷ್ಟ್ರೇ ಮರುದಿನ ‘ಅರ್ಥ ಆಗದಿದ್ರೆ ಫ್ರೆಂಡ್ಸ್ ಹತ್ರ ಕೇಳಿ ಕಲ್ತ್ಕೊಳ್ಳಿ’ ಅನ್ನುತ್ತಾರೆ. ಎರಡೂ ಒಳ್ಳೆಯ ಮಾತೇ. ಆದರೆ ಕೇಳಿ ಕಲಿಯುವುದು ಎಲ್ಲಿ ಮುಗಿಯುತ್ತದೆ, ಕಾಪಿ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ. ಹೀಗಾದಾಗ ಪೆಟ್ಟು ಬೀಳುವುದು ಪ್ರಾಮಾಣಿಕರಿಗೆ. ಬಾಗೇಪಲ್ಲಿ ಕಡೆಯ ಕನ್ನಡ ಮಾಧ್ಯಮದ ಹುಡುಗಿ ತಪ್ಪಾದೀತೆಂದು ಯಾರನ್ನೂ ಕೇಳದೆ ರಾತ್ರಿಯಿಡೀ ಒಂದು ಪಾಯಿಂಟರ್ ದೋಷದ ಜೊತೆ ಗುದ್ದಾಡುತ್ತಾಳೆ. ಸಂಕೋಚವಿಲ್ಲದವನು ಹತ್ತು ನಿಮಿಷದಲ್ಲಿ ಫೈಲ್ ತರಿಸಿಕೊಂಡು, ಹೆಸರು ಬದಲಿಸಿ, ಅವಳಿಗಿಂತ ಮೊದಲೇ ಸಬ್‌ಮಿಟ್ ಮಾಡುತ್ತಾನೆ.

ಹಾಗಾಗಿ ಪ್ರತಿ ಕೋರ್ಸಿಗೂ, ಮೊದಲ ಅಸೈನ್‌ಮೆಂಟ್ ಕೊಡುವ ಮುಂಚೆಯೇ, ಒಂದು ಪುಟದ ಲಿಖಿತ ನಿಯಮ ಬೇಕು. ಅದನ್ನು ಬರೆಯುವುದು ಹೇಗೆ, ವಿದ್ಯಾರ್ಥಿಗಳು ಅದರೊಳಗೆ ನಿಂತು ಕೆಲಸ ಮಾಡುವುದು ಹೇಗೆ ಎಂಬುದು ಈ ಲೇಖನದ ವಿಷಯ. ಚಿಕ್ಕಬಳ್ಳಾಪುರ ಜಿಲ್ಲೆಯನ್ನು ಕಣ್ಣೆದುರು ಇಟ್ಟುಕೊಂಡು ಬರೆದಿದ್ದೇನೆ. 1986ರಲ್ಲಿ ಶುರುವಾದ ಎಸ್‌ಜೆಸಿಐಟಿ ಇಂಜಿನಿಯರಿಂಗ್ ಕಾಲೇಜು ಇರುವ, ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಯಲ್ಲಿ ವಿಟಿಯುದ್ದೇ ಕ್ಯಾಂಪಸ್ ಇರುವ, ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳಿಂದ ಬಿಸಿಎ ಮುಗಿಸಿದವರು ಬೆಂಗಳೂರಿನ ಕೆಲಸಕ್ಕೆ ಬಸ್ ಹತ್ತುವ ಜಿಲ್ಲೆ ಇದು.

ಮೇಲಿನವರು ನಿಯಮ ಮಾಡಿಲ್ಲವೇ?

ಮಾಡಿದ್ದಾರೆ, ಆದರೆ ಹೋಂವರ್ಕಿಗೆ ಅಲ್ಲ. ಯುಜಿಸಿ 2018ರ ಜುಲೈನಲ್ಲಿ ಕೃತಿಚೌರ್ಯ ತಡೆಗೆಂದು ನಿಯಮಾವಳಿ ಹೊರಡಿಸಿತು. ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. ಶೇ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಈ ಶೇಕಡಾ ಲೆಕ್ಕವನ್ನು ಕಾಲೇಜುಗಳಲ್ಲಿ ಅಸೈನ್‌ಮೆಂಟಿಗೂ ಹಚ್ಚಿ ಮಾತಾಡುವುದುಂಟು. ಆದರೆ ಆ ನಿಯಮಾವಳಿ ಹೇಳುವುದು ಪ್ರಬಂಧ, ಸಂಶೋಧನಾ ಲೇಖನ, ಪುಸ್ತಕದಂಥ ಬರವಣಿಗೆಯ ಬಗ್ಗೆ. ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ರಿಪೋರ್ಟ್, ಉತ್ತರ ಪತ್ರಿಕೆಗಳನ್ನು ಅದು ಹೆಸರಿಸಿಯೇ ಹೊರಗಿಟ್ಟಿದೆ. ಅಂದರೆ ಮೂರನೇ ಸೆಮಿಸ್ಟರಿನ ಹುಡುಗ ಲಿಂಕ್ಡ್ ಲಿಸ್ಟ್ ಪ್ರೋಗ್ರಾಂ ನಕಲು ಮಾಡಿದರೆ ಏನು ಮಾಡಬೇಕೆಂದು ದೆಹಲಿಯಿಂದ ಉತ್ತರ ಬರುವುದಿಲ್ಲ. ಗೆರೆ ಎಳೆಯಬೇಕಾದವರು ಆ ಕೋರ್ಸಿನ ಅಧ್ಯಾಪಕರೇ. ಇದನ್ನು ಹೊರೆ ಅಂದುಕೊಳ್ಳಬೇಕಿಲ್ಲ. ತಮ್ಮ ಮಕ್ಕಳ ಸ್ಥಿತಿ ನೋಡಿ ನಿಯಮ ಮಾಡುವ ಸ್ವಾತಂತ್ರ್ಯ ಅವರ ಕೈಯಲ್ಲೇ ಇದೆ ಎಂದಾಯಿತು.

ಸ್ಥಿತಿ ನೋಡಿ ಎಂದದ್ದಕ್ಕೆ ಕಾರಣವಿದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊದಲ ತಲೆಮಾರು ಇದು. ಒಂದು ಲ್ಯಾಪ್‌ಟಾಪ್‌ನಲ್ಲಿ ಇಬ್ಬರು ಮೂವರು ಕೆಲಸ ಮಾಡುತ್ತಾರೆ. ಹಾಸ್ಟೆಲಿನವರಿಗೆ ರಾತ್ರಿ ಕೂತು ಮಾತಾಡಲು ಜನರಿದ್ದಾರೆ. ಚಿಂತಾಮಣಿಗೋ ಗೌರಿಬಿದನೂರಿಗೋ ಸಂಜೆ ಬಸ್ಸಿಗೆ ಹೊರಡುವವರಿಗೆ ಇರುವುದು ಬಸ್ಸಿನ ಹೊತ್ತು ಮತ್ತು ಫೋನು ಮಾತ್ರ. ಮನೆಯಲ್ಲಿ ತೆಲುಗು, ಗೆಳೆಯರ ಜೊತೆ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಇಂಥವರಿಗೆ ‘ಯಾರ ಜೊತೆಯೂ ಚರ್ಚಿಸಕೂಡದು’ ಎಂದು ನಿಯಮ ಮಾಡಿದರೆ ಅವರು ಕಲಿಯುವ ಮುಖ್ಯ ದಾರಿಯನ್ನೇ ಮುಚ್ಚಿದಂತೆ. ಇಂಗ್ಲಿಷಿನ ಪಠ್ಯವನ್ನು ಒಬ್ಬರಿಗೊಬ್ಬರು ಕನ್ನಡದಲ್ಲೋ ತೆಲುಗಿನಲ್ಲೋ ಬಿಡಿಸಿ ಹೇಳಿಕೊಳ್ಳುವುದೇ ಇಲ್ಲಿ ಅರ್ಧ ಪಾಠ. ಅದಕ್ಕೆ ಪೂರ್ತಿ ಅನುಮತಿ ಇರಬೇಕು, ಆ ಅನುಮತಿ ಬರಹದಲ್ಲೂ ಇರಬೇಕು.

ಗೆರೆ ಎಲ್ಲಿ?

ನನ್ನ ಸಲಹೆ ಇಷ್ಟು: ಮಾತು ದಾಟಬಹುದು, ಕೋಡ್ ದಾಟಬಾರದು.

ಪ್ರಶ್ನೆ ಏನು ಕೇಳುತ್ತಿದೆ, ಯಾವ ಅಲ್ಗಾರಿದಂ ಸರಿಹೋಗುತ್ತದೆ, ಸ್ಟ್ಯಾಕ್ ಖಾಲಿಯಾದಾಗ ಏನಾಗಬೇಕು, ಈ ಎರರ್ ಮೆಸೇಜಿನ ಅರ್ಥವೇನು ಎಂಬುದನ್ನೆಲ್ಲ ಎಷ್ಟು ಬೇಕಾದರೂ ಚರ್ಚಿಸಲಿ. ಕಾಗದದ ಮೇಲೆ ಡಬ್ಬಿ, ಬಾಣ ಬರೆದು ಲಿಂಕ್ಡ್ ಲಿಸ್ಟ್ ವಿವರಿಸಲಿ. ಫೈಲ್ ಕಳಿಸುವುದು, ಸ್ಕ್ರೀನ್‌ಶಾಟ್ ಹಾಕುವುದು, ಪಕ್ಕದಲ್ಲಿ ಕೂತು ಸಾಲುಸಾಲಾಗಿ ಹೇಳಿ ಬರೆಸುವುದು ಕೂಡದು. ಹೇಳಿ ಬರೆಸಿದರೆ ಫೈಲ್ ಕಳಿಸಿದಂತೆಯೇ. ಇದನ್ನು ಮರೆಯದೆ ನಿಯಮದಲ್ಲಿ ಸೇರಿಸಿ, ಏಕೆಂದರೆ ಅದನ್ನು ತಪ್ಪೆಂದು ಮಕ್ಕಳು ಎಣಿಸಿಯೇ ಇರುವುದಿಲ್ಲ.

ಇವೆರಡರ ನಡುವೆ ಒಂದು ಕಷ್ಟದ ಜಾಗ ಇದೆ, ಡಿಬಗ್ಗಿಂಗ್. ಪ್ರೋಗ್ರಾಂ ಓಡುತ್ತಿಲ್ಲ, ಯಾರಾದರೂ ನೋಡಿ ಹೇಳಬೇಕು. ನೋಡದೆ ಹೇಳುವುದು ಹೇಗೆ? ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಸಿದ್ಧ ಸಿಎಸ್50 ಕೋರ್ಸಿನವರು ಇದಕ್ಕೆ ಒಂದು ಅಚ್ಚುಕಟ್ಟಾದ ದಾರಿ ಕಂಡುಕೊಂಡಿದ್ದಾರೆ: ಸಹಾಯ ಕೇಳುವವರು ತಮ್ಮ ಕೋಡ್ ಇನ್ನೊಬ್ಬರಿಗೆ ತೋರಿಸಬಹುದು, ಇನ್ನೊಬ್ಬರ ಕೋಡ್ ತಾವು ನೋಡುವಂತಿಲ್ಲ. ಕಷ್ಟದಲ್ಲಿರುವವರ ಕೋಡ್ ಗೊತ್ತಿರುವವರ ಕಣ್ಣಿಗೆ ಬೀಳುತ್ತದೆ, ಗೊತ್ತಿರುವವರದು ಕಷ್ಟದಲ್ಲಿರುವವರ ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ನಮ್ಮ ಲ್ಯಾಬಿಗೆಂದು ಒಂದು ಮಾತು ಸೇರಿಸಬಹುದು: ನೋಡಿ ಹೇಳುವವರು ಕೀಬೋರ್ಡ್ ಮುಟ್ಟಬಾರದು. ‘ಇಪ್ಪತ್ತನೇ ಸಾಲಿನ ಕಂಡೀಷನ್ ಇನ್ನೊಂದ್ಸಲ ನೋಡು’ ಅನ್ನಲಿ, ತಿದ್ದುವುದು ಬರೆದವರೇ.

ಚರ್ಚೆಯ ನಂತರದ್ದೂ ಒಂದು ಪ್ರಶ್ನೆ ಇದೆ. ಇಬ್ಬರು ಒಂದು ಗಂಟೆ ಮಾತಾಡಿ, ಆ ಬಿಸಿಯಲ್ಲೇ ಅಕ್ಕಪಕ್ಕ ಕೂತು ಬರೆದರೆ ಎರಡೂ ಒಂದೇ ಥರ ಬರುತ್ತವೆ, ಯಾರೂ ನಕಲು ಮಾಡದಿದ್ದರೂ. ಅಮೆರಿಕದ ಕೆಲವು ಕಡೆ ಇದಕ್ಕೆ ‘ಗಿಲ್ಲಿಗನ್ಸ್ ಐಲ್ಯಾಂಡ್ ನಿಯಮ’ ಎಂದು ಇಟ್ಟುಕೊಂಡಿದ್ದಾರೆ. ಅದು 1960ರ ದಶಕದ ಒಂದು ಟಿವಿ ಧಾರಾವಾಹಿಯ ಹೆಸರು. ಚರ್ಚೆಯಿಂದ ಏನನ್ನೂ ಬರೆದುಕೊಂಡು ಹೋಗಬಾರದು, ಬೋರ್ಡ್ ಅಳಿಸಬೇಕು, ಅಂಥದ್ದೊಂದು ಧಾರಾವಾಹಿ ನೋಡುತ್ತ ಅರ್ಧ ಗಂಟೆ ಕಳೆಯಬೇಕು, ಆಮೇಲೆ ಒಬ್ಬರೇ ಕೂತು ಬರೆಯಬೇಕು. ತಲೆಯಲ್ಲಿ ಉಳಿದದ್ದಷ್ಟೇ ನಿಮ್ಮದು. ನಮ್ಮಲ್ಲಿ ಧಾರಾವಾಹಿ ಬೇಕಿಲ್ಲ, ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ಬಸ್ಸಿದೆ. ಚರ್ಚೆ ಕಾಲೇಜಿನಲ್ಲಿ ಮುಗಿಸಿ, ಬರೆಯುವುದನ್ನು ಮನೆಗೆ ಹೋಗಿ ಮಾಡಿದರೆ ನಿಯಮ ತಾನಾಗಿ ಪಾಲನೆಯಾಗುತ್ತದೆ. ಹಾಸ್ಟೆಲಿನವರು ಮಧ್ಯೆ ಊಟ ಮುಗಿಸಿ ಬರಲಿ.

ಒಂದೇ ಲ್ಯಾಪ್‌ಟಾಪ್ ಹಂಚಿಕೊಳ್ಳುವವರು ಒಬ್ಬೊಬ್ಬರಿಗೆ ಒಂದೊಂದು ಯೂಸರ್ ಅಕೌಂಟ್, ಒಂದೊಂದು ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಡೆಸ್ಕ್‌ಟಾಪ್ ಮೇಲೆ ಎಲ್ಲರ ಫೈಲೂ ಒಂದೇ ಫೋಲ್ಡರಿನಲ್ಲಿದ್ದರೆ ಕೊನೆಯ ಗಳಿಗೆಯಲ್ಲಿ ಆಸೆ ಹುಟ್ಟುವುದು ಸಹಜ. ಲ್ಯಾಬಿನ ಕಂಪ್ಯೂಟರಿನಲ್ಲೂ ಹೊರಡುವಾಗ ತಮ್ಮ ಫೈಲ್ ಪೆನ್‌ಡ್ರೈವ್‌ಗೆ ಹಾಕಿಕೊಂಡು ಅಲ್ಲಿರುವುದನ್ನು ಅಳಿಸಬೇಕು. ಗಿಟ್ ಬಳಸಲು ಕಲಿತವರು ತಮ್ಮ ಕೆಲಸವನ್ನು ಖಾಸಗಿ ರೆಪಾಸಿಟರಿಯಲ್ಲಿ ದಿನದಿನವೂ ಸೇರಿಸುತ್ತ ಹೋಗಲಿ. ಮುಂದೆ ಎಂದಾದರೂ ಅನುಮಾನ ಬಂದರೆ ಪ್ರೋಗ್ರಾಂ ಹಂತಹಂತವಾಗಿ ಬೆಳೆದದ್ದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ನೆರವು ಪಡೆದದ್ದನ್ನು ಬರೆಯಿರಿ

ಪ್ರತಿ ಪ್ರೋಗ್ರಾಂನ ತಲೆಯಲ್ಲಿ ಕಮೆಂಟ್ ಆಗಿ ಎರಡು ಮೂರು ಸಾಲು ಇರಲಿ: ಯಾರ ಜೊತೆ ಚರ್ಚಿಸಿದೆ, ಯಾವ ಪುಸ್ತಕ ನೋಡಿದೆ, ಅಂತರ್ಜಾಲದಲ್ಲಿ ಎಲ್ಲಿಂದ ಏನು ತೆಗೆದುಕೊಂಡೆ. ‘ಕ್ಯೂ ತುಂಬಿದೆಯೇ ಎಂದು ನೋಡುವ ಷರತ್ತು ನನ್ನ ಬ್ಯಾಚಿನ ಗೆಳತಿ ವಿವರಿಸಿದ್ದು, ಉಳಿದದ್ದು ನನ್ನದು’ ಎಂದು ಬರೆದರೆ ಸಾಕು. ಹಾಗೆ ಬರೆದವರಿಗೆ ಅಂಕ ಕಡಿಯುವುದಿಲ್ಲ ಎಂದು ಅಧ್ಯಾಪಕರು ಮೊದಲೇ ಮಾತು ಕೊಡಬೇಕು, ಕೊಟ್ಟ ಮಾತಿಗೆ ನಿಲ್ಲಬೇಕು. ಒಬ್ಬರಿಗೆ ಕಡಿದರೆ ಮುಂದಿನ ವಾರದಿಂದ ಇಡೀ ತರಗತಿ ಮುಚ್ಚಿಡಲು ಶುರುಮಾಡುತ್ತದೆ. ವಿಜ್ಞಾನದಲ್ಲಿ ಇದು ದಿನನಿತ್ಯದ ರೂಢಿ. ಗೌರಿಬಿದನೂರಿನ ರೇಡಿಯೊ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ 1970ರ ದಶಕದಿಂದ ಜಂಟಿಯಾಗಿ ನಡೆಸಿಕೊಂಡು ಬಂದವು. ಇಂಥ ಜಂಟಿ ಕೆಲಸದಲ್ಲಿ ಯಾರು ಏನು ಮಾಡಿದರೆಂದು ದಾಖಲಾಗದಿದ್ದರೆ ಕೆಲಸವೇ ಮುಂದೆ ಸಾಗದು. ಹದಿನೆಂಟು ವರ್ಷಕ್ಕೆ ಆ ರೂಢಿ ಬಿದ್ದರೆ ಮುಂದೆ ಕಂಪನಿಯಲ್ಲಿ ಬೇರೆಯವರ ಲೈಬ್ರರಿ ಬಳಸುವಾಗ ಅದರ ಲೈಸೆನ್ಸ್ ಓದುವ ಅಭ್ಯಾಸವೂ ಬರುತ್ತದೆ. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಸಿಗುವ ಕೋಡ್ ಸಹ ಮೂಲ ಹೇಳಬೇಕೆಂಬ ಲೈಸೆನ್ಸ್‌ನಡಿಯೇ ಇದೆ ಎಂಬುದು ಎಷ್ಟೋ ಜನರಿಗೆ ತಿಳಿಯದು.

ಅಂಕ ಎಲ್ಲಿದೆ, ಪಾಠ ಎಲ್ಲಿದೆ

ವಿಟಿಯು 2022ರ ಸ್ಕೀಮ್‌ನ ಲ್ಯಾಬ್ ಕೋರ್ಸಿನಲ್ಲಿ ಸಿಐಇಗೆ (ನಿರಂತರ ಆಂತರಿಕ ಮೌಲ್ಯಮಾಪನ) 50, ಎಸ್‌ಇಇಗೆ (ಸೆಮಿಸ್ಟರ್ ಕೊನೆಯ ಪರೀಕ್ಷೆ) 50. ಸಿಐಇಯ 50ರಲ್ಲಿ 30 ರೆಕಾರ್ಡಿಗೆ, 20 ಟೆಸ್ಟಿಗೆ. ಎಸ್‌ಇಇಯಲ್ಲಿ ವಿದ್ಯಾರ್ಥಿ ಚೀಟಿ ಎತ್ತಬೇಕು, ಬಂದ ಪ್ರೋಗ್ರಾಂ ಬರೆಯಬೇಕು, ಓಡಿಸಬೇಕು, ಅದೇ ಕಾಲೇಜಿನ ಇಬ್ಬರು ಪರೀಕ್ಷಕರು ಸೇರಿ ಕೇಳುವ ವೈವಾಕ್ಕೆ ಉತ್ತರಿಸಬೇಕು. ಬರಹಕ್ಕೆ ಶೇ 20, ಓಡಿಸಿ ಫಲಿತಾಂಶ ತೋರಿಸುವುದಕ್ಕೆ ಶೇ 60, ವೈವಾಕ್ಕೆ ಶೇ 20. ಪ್ರಯೋಗ ಬದಲಿಸಲು ಒಂದೇ ಸಲ ಅವಕಾಶ, ಅದಕ್ಕೂ ಅಂಕ ಹೋಗುತ್ತದೆ.

ಈ ಲೆಕ್ಕವನ್ನು ಮಕ್ಕಳ ಎದುರು ಬೋರ್ಡಿನ ಮೇಲೆ ಬರೆದು ತೋರಿಸಬೇಕು. ನಕಲು ಮಾಡಿ ಗಿಟ್ಟಿಸಬಹುದಾದದ್ದು ರೆಕಾರ್ಡಿನ 30 ಮಾತ್ರ. ಸಿಐಇಯಲ್ಲಿ ಪಾಸಾಗಲು ಬೇಕಾದದ್ದು 20. ಹಾಗಾಗಿ ನಕಲು ಮಾಡಿದವರೂ ಸೆಮಿಸ್ಟರ್ ಪೂರ್ತಿ ನಿಶ್ಚಿಂತೆಯಿಂದ ಇರುತ್ತಾರೆ. ಪರೀಕ್ಷೆಯ ದಿನ ಚೀಟಿಯಲ್ಲಿ ಬೈನರಿ ಸರ್ಚ್ ಟ್ರೀ ಬರುತ್ತದೆ, 50ಕ್ಕೆ 18 ಬೇಕು, ಕೈಯಲ್ಲಿ ಫೋನಿಲ್ಲ, ಪಕ್ಕದಲ್ಲಿ ಗೆಳೆಯನಿಲ್ಲ. ಆ ದಿನ ಬ್ಯಾಕ್‌ಲಾಗ್ ಬೀಳುವುದು ಪ್ರೋಗ್ರಾಂ ಕಷ್ಟವಾದ್ದರಿಂದಲ್ಲ, ಮೂರು ತಿಂಗಳು ಅದನ್ನು ಕೈಯಾರೆ ಬರೆಯದೇ ಇದ್ದದ್ದರಿಂದ.

ಈ ಅಂತರವನ್ನು ಮುಚ್ಚಲು ಅಧ್ಯಾಪಕರ ಕೈಯಲ್ಲಿ ಇರುವ ಸಲಕರಣೆ ವೈವಾ. ಅದನ್ನು ಕೊನೆಗೆ ಇಡಬೇಡಿ. ರೆಕಾರ್ಡಿಗೆ ಸಹಿ ಹಾಕುವ ಮುಂಚೆ ಎರಡೇ ನಿಮಿಷ ಕೇಳಿ: ‘ಈ ಸಾಲು ತೆಗೆದರೆ ಏನಾಗುತ್ತೆ?’, ‘ಇದೇ ನಂಬರ್ ಎರಡು ಸಲ ಕೊಟ್ಟರೆ?’ ಉತ್ತರ ಕನ್ನಡದಲ್ಲಿ ಬಂದರೂ ಸರಿ. 60 ಜನರಿರುವ ತರಗತಿಯಲ್ಲಿ ಎಲ್ಲರನ್ನೂ ಪ್ರತಿವಾರ ಕೇಳಲು ಆಗದು. ವಾರಕ್ಕೊಂದಿಷ್ಟು ಹೆಸರು ಚೀಟಿ ಎತ್ತಿ ಕೇಳಿದರೂ ಎಲ್ಲರೂ ತಯಾರಾಗಿ ಬರುತ್ತಾರೆ. ಬರೆದದ್ದನ್ನು ವಿವರಿಸಲು ಬರದಿದ್ದರೆ ಅದು ಎಲ್ಲಿಂದ ಬಂತೆಂಬ ತನಿಖೆಯೇ ಬೇಡ. ಇನ್ನೊಂದು ವಾರ ಕೊಡಿ, ಕಲಿತು ಬಂದು ವಿವರಿಸಲಿ, ಆಮೇಲೆ ಅಂಕ. ನಾನಂತೂ ಪತ್ತೆದಾರಿಗಿಂತ ಇದನ್ನೇ ಹೆಚ್ಚು ನಂಬುತ್ತೇನೆ.

ಪ್ರಶ್ನೆಯನ್ನು ನಮ್ಮೂರಿಗೆ ತನ್ನಿ

ಪಠ್ಯದ 12 ಪ್ರೋಗ್ರಾಂ ಬದಲಿಸುವಂತಿಲ್ಲ. ಆದರೆ ಅವುಗಳಿಗೆ ಕೊಡುವ ಮಾಹಿತಿಯನ್ನು ಬದಲಿಸಬಹುದು, ಜೊತೆಗೊಂದು ಪ್ರಶ್ನೆ ಸೇರಿಸಬಹುದು. ಸಿದ್ಧ ಉತ್ತರದ ಬೆಲೆ ಅಲ್ಲಿಗೆ ಅರ್ಧಕ್ಕೆ ಇಳಿಯುತ್ತದೆ.

ಕೆಲವು ಊರುಗಳ ಗ್ರಾಫ್ ಕೊಟ್ಟು, ಒಂದು ಊರಿನಿಂದ ಹೊರಟರೆ ಯಾವ್ಯಾವ ಊರು ಮುಟ್ಟಬಹುದು ಎಂದು ಡಿಎಫ್‌ಎಸ್ ಅಥವಾ ಬಿಎಫ್‌ಎಸ್‌ನಿಂದ ಕಂಡುಹಿಡಿಯುವ ಪ್ರೋಗ್ರಾಂ ಆ ಪಟ್ಟಿಯಲ್ಲಿದೆ. ಅದನ್ನು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆಗೆ ಹಚ್ಚಿ. ಮೊದಲು ರಸ್ತೆಯ ಗ್ರಾಫ್, ಆಮೇಲೆ ರೈಲಿನ ಗ್ರಾಫ್. ರಸ್ತೆಯಲ್ಲಿ ಎಲ್ಲ ಊರೂ ಸಿಗುತ್ತವೆ. ರೈಲಿನಲ್ಲಿ ಚಿಕ್ಕಬಳ್ಳಾಪುರದಿಂದ ಹೊರಟರೆ ಶಿಡ್ಲಘಟ್ಟ, ಚಿಂತಾಮಣಿ ಸಿಗುತ್ತವೆ, ಅದು ಕೋಲಾರದ ಕಡೆಗೆ ಹೋಗುವ ಮಾರ್ಗ. ಗೌರಿಬಿದನೂರಿಗೂ ರೈಲಿದೆ, ಆದರೆ ಅದು ಯಲಹಂಕದಿಂದ ಹಿಂದೂಪುರದ ಕಡೆಗೆ ಹೋಗುವ ಬೇರೆ ಮಾರ್ಗದಲ್ಲಿದೆ. ಬಾಗೇಪಲ್ಲಿ, ಗುಡಿಬಂಡೆಗೆ ರೈಲೇ ಇಲ್ಲ. ‘ನಿಮ್ಮ ಔಟ್‌ಪುಟ್‌ನಲ್ಲಿ ಗೌರಿಬಿದನೂರು ಯಾಕೆ ಬರಲಿಲ್ಲ? ಯಾವ ಊರನ್ನು ಸೇರಿಸಿದರೆ ಬರುತ್ತದೆ?’ ಎಂದು ಕೇಳಿ. ಯಲಹಂಕ ಎಂದು ತಾವಾಗಿ ಹೇಳಿದ ವಿದ್ಯಾರ್ಥಿಗೆ ಕನೆಕ್ಟೆಡ್ ಕಾಂಪೊನೆಂಟ್ ಅಂದರೆ ಏನೆಂದು ಮತ್ತೆ ಪಾಠ ಹೇಳಬೇಕಿಲ್ಲ. ಡೌನ್‌ಲೋಡ್ ಮಾಡಿದ ಯಾವ ಪಿಡಿಎಫ್‌ನಲ್ಲೂ ಈ ಉತ್ತರ ಇರುವುದಿಲ್ಲ.

ಹ್ಯಾಶಿಂಗ್ ಪ್ರೋಗ್ರಾಂನಲ್ಲಿ ನೌಕರರ ನಾಲ್ಕಂಕಿ ಸಂಖ್ಯೆ ಬರುತ್ತದೆ. ಅದರ ಜಾಗದಲ್ಲಿ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಲಾಟುಗಳಿಗೆ ನಂಬರ್ ಕೊಟ್ಟಂತೆ ಊಹಿಸಿ ಮಾಡಿಸಬಹುದು. ಕೀಲಿಗಳ ಪಟ್ಟಿ ಒಬ್ಬೊಬ್ಬರಿಗೆ ಒಂದೊಂದು, ಅವರ ನೋಂದಣಿ ಸಂಖ್ಯೆಯಾದ ಯುಎಸ್‌ಎನ್‌ನ ಕೊನೆಯ ಮೂರು ಅಂಕಿಯಿಂದ ಶುರುವಾಗುವ ಹಾಗೆ. ಎಲ್ಲಿ ಡಿಕ್ಕಿಯಾಯಿತು, ಲೀನಿಯರ್ ಪ್ರೋಬಿಂಗ್‌ನಲ್ಲಿ ಎಷ್ಟು ಮನೆ ದಾಟಿ ಜಾಗ ಸಿಕ್ಕಿತು ಎಂಬುದು ಆಗ ಪ್ರತಿಯೊಬ್ಬರಿಗೂ ಬೇರೆ. ಹೀಗೆ ಮಾಡಿದ ಮೇಲೆ ಮಕ್ಕಳು ಎಷ್ಟು ಚರ್ಚಿಸಿದರೂ ಭಯವಿಲ್ಲ.

ಹೋಲಿಕೆ ಪತ್ತೆಯ ತಂತ್ರಾಂಶ

ಸ್ಟ್ಯಾನ್‌ಫರ್ಡ್‌ನ ಅಲೆಕ್ಸ್ ಐಕೆನ್ ರೂಪಿಸಿದ ‘ಮಾಸ್’ 1994ರಿಂದ ಬಳಕೆಯಲ್ಲಿದೆ, ಬೋಧನೆಗೆ ಉಚಿತ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹುಟ್ಟಿದ ‘ಜೆಪ್ಲ್ಯಾಗ್’ ಇನ್ನೊಂದು. ಇವು ಅಕ್ಷರಕ್ಕೆ ಅಕ್ಷರ ಹೋಲಿಸುವುದಿಲ್ಲ, ಪ್ರೋಗ್ರಾಂನ ರಚನೆಯನ್ನು ನೋಡುತ್ತವೆ. ವೇರಿಯಬಲ್ ಹೆಸರು ಬದಲಿಸಿದರೂ, ಕಮೆಂಟ್ ತೆಗೆದರೂ, ಖಾಲಿ ಸಾಲು ತುಂಬಿದರೂ ತಪ್ಪಿಸಿಕೊಳ್ಳುವುದು ಕಷ್ಟ ಎಂದು ಮಕ್ಕಳಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಅಧ್ಯಾಪಕರಿಗೂ ಒಂದು ಎಚ್ಚರಿಕೆ. ಕ್ವಿಕ್ ಸಾರ್ಟ್ ಅನ್ನು ಒಂದೇ ಪಠ್ಯಪುಸ್ತಕದಿಂದ ಕಲಿತ 60 ಜನ ಸರಿಸುಮಾರು ಒಂದೇ ರೀತಿ ಬರೆಯುತ್ತಾರೆ. ತರಗತಿಯಲ್ಲಿ ಕೊಟ್ಟ ಕೋಡ್ ಅನ್ನು ಹೋಲಿಕೆಯಿಂದ ಹೊರಗಿಡುವ ಸೌಲಭ್ಯ ಮಾಸ್‌ನಲ್ಲಿದೆ, ಅದನ್ನು ಬಳಸಬೇಕು. ತಂತ್ರಾಂಶ ತೋರಿಸುವುದು ಹೋಲಿಕೆ ಮಾತ್ರ. ತಪ್ಪು ಯಾರದು, ತಪ್ಪು ಇದೆಯೋ ಇಲ್ಲವೋ ಎಂಬುದನ್ನು ಎರಡೂ ಪ್ರೋಗ್ರಾಂ ಪಕ್ಕಪಕ್ಕ ಇಟ್ಟು ಓದಿ, ಮಕ್ಕಳನ್ನು ಕೂರಿಸಿ ಕೇಳಿ, ಮನುಷ್ಯರೇ ನಿರ್ಧರಿಸಬೇಕು. ಇಬ್ಬರಲ್ಲೂ ಒಂದೇ ವಿಚಿತ್ರ ದೋಷವಿದ್ದರೆ ಅದು ಶೇಕಡಾವಾರಿಗಿಂತ ಹೆಚ್ಚು ಹೇಳುತ್ತದೆ.

ಚಾಟ್‌ಜಿಪಿಟಿ ಕೇಳಬಹುದೇ?

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಗೆಳೆಯನ ಫೈಲಿನ ಅಗತ್ಯವೂ ಇಲ್ಲವಾಯಿತು. ಪೂರ್ತಿ ನಿಷೇಧ ನಡೆಯದು, ಪೂರ್ತಿ ಬಿಡುವುದೂ ಸರಿಯಲ್ಲ. ಸಿ ಕಲಿಯುವ ಮೊದಲ ವರ್ಷ ಮತ್ತು ಡೇಟಾ ಸ್ಟ್ರಕ್ಚರ್ಸ್ ಸೆಮಿಸ್ಟರಿನಲ್ಲಿ ಅದರಿಂದ ಕೋಡ್ ಬರೆಸಬಾರದು ಎಂದೇ ನನ್ನ ಅಭಿಪ್ರಾಯ. ಬೆರಳಿಗೆ ಅಭ್ಯಾಸ ಹತ್ತುವ ಕಾಲ ಅದು. ‘ಸೆಗ್ಮೆಂಟೇಶನ್ ಫಾಲ್ಟ್ ಅಂದ್ರೇನು, ಕನ್ನಡದಲ್ಲಿ ವಿವರಿಸು’ ಎಂದು ಕೇಳಲಿ, ತೊಂದರೆಯಿಲ್ಲ. ಕನ್ನಡ ಮಾಧ್ಯಮದವರಿಗೆ ಅದು ದೊಡ್ಡ ಸಹಾಯ. ಮುಂದಿನ ಸೆಮಿಸ್ಟರುಗಳಲ್ಲಿ, ಪ್ರಾಜೆಕ್ಟ್‌ಗಳಲ್ಲಿ ಬಳಸಲಿ, ಆದರೆ ಏನು ಕೇಳಿದೆ, ಏನು ಬಂತು, ಏನು ತಿದ್ದಿದೆ ಎಂಬುದನ್ನು ಜೊತೆಗೆ ಸಲ್ಲಿಸಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಜೀವನವಿಡೀ ಹೇಳಿಕೊಂಡು ಬಂದರು. ಗೌರಿಬಿದನೂರಿನಲ್ಲಿ ನ್ಯಾಷನಲ್ ಕಾಲೇಜು ಬರಲು ಕಾರಣರಾದವರು ಅವರು. ಯಂತ್ರ ಕೊಟ್ಟ ಕೋಡ್ ಎದುರು ಕೂತವರಿಗೆ ಅಗತ್ಯವಾದ ಮನೋಭಾವ ಅದೇ: ಇದು ಖಾಲಿ ಲಿಸ್ಟ್ ಕೊಟ್ಟರೂ ನಡೆಯುತ್ತದೆಯೇ? ಈ ಫ್ರೀ ಯಾಕೆ ಇಲ್ಲಿದೆ? ಉತ್ತರ ಗೊತ್ತಿಲ್ಲದ ಸಾಲನ್ನು ಸಲ್ಲಿಸಬೇಡಿ.

ತಪ್ಪಾದಾಗ

ಸಿಎಸ್50 ಕೋರ್ಸಿನಲ್ಲಿ ಒಂದು ಮಾನವೀಯ ಕಲಂ ಇದೆ. ನಕಲು ಮಾಡಿದವರು 72 ಗಂಟೆಯೊಳಗೆ ತಾವಾಗಿ ಬಂದು ಒಪ್ಪಿಕೊಂಡರೆ ಕೋರ್ಸಿನೊಳಗಿನ ಸಣ್ಣ ಕ್ರಮ ಇರಬಹುದು, ವಿಷಯ ಶಿಸ್ತು ಸಮಿತಿಗೆ ಹೋಗುವುದಿಲ್ಲ. ನಮ್ಮಲ್ಲೂ ಇದು ಬೇಕು. ಗಡುವಿನ ಹಿಂದಿನ ರಾತ್ರಿ ಹೆದರಿ ತಪ್ಪು ಮಾಡಿದ 19ರ ಹುಡುಗನಿಗೆ ಬೆಳಿಗ್ಗೆ ಸರಿಪಡಿಸಿಕೊಳ್ಳಲು ಬಾಗಿಲಿರಬೇಕು. ಒಪ್ಪಿಕೊಳ್ಳದೆ ಸಿಕ್ಕಿಬಿದ್ದರೆ ಮೊದಲ ಸಲ ಆ ಅಸೈನ್‌ಮೆಂಟಿಗೆ ಸೊನ್ನೆ ಮತ್ತು ಅಧ್ಯಾಪಕರ ಎದುರು ಮತ್ತೆ ಬರೆಯುವುದು, ಎರಡನೇ ಸಲ ವಿಭಾಗದ ಮುಖ್ಯಸ್ಥರ ಬಳಿಗೆ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಒಂದೇ ಶಿಕ್ಷೆ ಎಂಬ ರೂಢಿಯನ್ನು ಮಾತ್ರ ಕಣ್ಣುಮುಚ್ಚಿ ಪಾಲಿಸಬೇಡಿ. ಗೊತ್ತಿದ್ದೂ ಕೊಟ್ಟವರು ಬೇರೆ, ಗೊತ್ತಿಲ್ಲದೆ ಲ್ಯಾಬ್ ಕಂಪ್ಯೂಟರಿನಲ್ಲಿ ಫೈಲ್ ಬಿಟ್ಟು ಹೋದವರು ಬೇರೆ, ಸೀನಿಯರ್‌ಗಳ ಒತ್ತಾಯಕ್ಕೆ ಕೊಟ್ಟವರು ಇನ್ನೂ ಬೇರೆ.

ನೋಟಿಸ್ ಬೋರ್ಡಿಗೆ ಹಾಕಲು ಒಂದು ಒಕ್ಕಣೆ ಇಲ್ಲಿದೆ, ಬೇಕಾದಂತೆ ತಿದ್ದಿಕೊಳ್ಳಿ:

‘ಪ್ರಶ್ನೆ, ಅಲ್ಗಾರಿದಂ, ಎರರ್ ಬಗ್ಗೆ ಯಾರ ಜೊತೆಯಾದರೂ, ಯಾವ ಭಾಷೆಯಲ್ಲಾದರೂ ಚರ್ಚಿಸಿ. ಇನ್ನೊಬ್ಬರ ಕೋಡ್ ನೋಡಬೇಡಿ, ನಿಮ್ಮದನ್ನು ಕಳಿಸಬೇಡಿ, ಹೇಳಿ ಬರೆಸಬೇಡಿ. ಸಹಾಯ ಬೇಕಾದರೆ ನಿಮ್ಮ ಕೋಡ್ ತೋರಿಸಿ, ತಿದ್ದುವುದು ನೀವೇ. ಚರ್ಚೆಯಾದ ಅರ್ಧ ಗಂಟೆಯ ನಂತರ ಒಬ್ಬರೇ ಬರೆಯಿರಿ. ಯಾರಿಂದ, ಎಲ್ಲಿಂದ ಸಹಾಯ ಪಡೆದಿರಿ ಎಂದು ಮೇಲೆ ಬರೆಯಿರಿ, ಅದಕ್ಕೆ ಅಂಕ ಕಡಿಯುವುದಿಲ್ಲ. ಕೇಳಿದಾಗ ಪ್ರತಿ ಸಾಲನ್ನೂ ವಿವರಿಸಬೇಕು. ತಪ್ಪು ಮಾಡಿದ್ದರೆ ಮೂರು ದಿನದೊಳಗೆ ಬಂದು ಹೇಳಿ.’

ಇದನ್ನು ಮೊದಲ ಲ್ಯಾಬಿನ ದಿನ ಓದಿ ಹೇಳಿ, ರೆಕಾರ್ಡಿನ ಮೊದಲ ಪುಟಕ್ಕೆ ಅಂಟಿಸಿ, ವಿದ್ಯಾರ್ಥಿಗಳ ಸಹಿ ಪಡೆಯಿರಿ. ಗುಂಪು ಪ್ರಾಜೆಕ್ಟ್ ಬಂದಾಗ ಇದು ಅನ್ವಯಿಸುವುದಿಲ್ಲ. ಅಲ್ಲಿ ಗುಂಪಿನೊಳಗೆ ಕೋಡ್ ಹಂಚಿಕೊಳ್ಳಲೇಬೇಕು, ಯಾರು ಯಾವ ಭಾಗ ಬರೆದರು ಎಂಬ ಪಟ್ಟಿ ಮಾತ್ರ ಬೇರೆಯಾಗಿ ಕೊಡಬೇಕು. ಎನ್‌ಪಿಟೆಲ್ ಕೋರ್ಸುಗಳನ್ನೂ ಮಾಡುತ್ತಿರುವವರು ಅಲ್ಲಿನ ವಾರದ ಅಸೈನ್‌ಮೆಂಟಿಗೆ ಶೇ 25, ಪರೀಕ್ಷೆಗೆ ಶೇ 75 ತೂಕ ಎಂಬುದನ್ನು ನೆನಪಿಡಿ, ಅಲ್ಲಿನ ನಿಯಮವನ್ನು ಬೇರೆಯಾಗಿ ಓದಿಕೊಳ್ಳಿ. ಮೊದಲ ಇಂಟರ್ನಲ್ಸ್ ಮುಗಿದ ಮೇಲೆ ಒಂದು ಪಿರಿಯಡ್ ತೆಗೆದಿಟ್ಟು, ನಿಯಮದಲ್ಲಿ ಯಾವುದು ಅರ್ಥವಾಗಲಿಲ್ಲ, ಯಾವುದು ನಡೆಯುತ್ತಿಲ್ಲ ಎಂದು ಮಕ್ಕಳನ್ನೇ ಕೇಳಿ. ಬಸ್ಸಿನಲ್ಲಿ ಓಡಾಡುವವರನ್ನು ಮೊದಲು ಕೇಳಿ.